ಒಂದು ಪಾಯಿಂಟ್ ನಾಲ್ಕು

ಅಕ್ಕನ ಮಗ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಬೆಳಿಗ್ಗೆ ಐದೂವರೆಗೆ ಜಿಮ್ಮಿನ ಶಟರ್ ಎತ್ತುವಷ್ಟರಲ್ಲಿ ಅಲ್ಲಿರಬೇಕೆಂದು ಒಂಬತ್ತೂವರೆಗೇ ಮಲಗುವ ಹುಡುಗ ಅವನು. ‘ಮಾಮ, ವಾಟ್ಸ್ಆ್ಯಪ್‌ಗೆ ಒಂದು ರಿಪೋರ್ಟ್ ಹಾಕಿದೀನಿ, ನೋಡಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ’ ಎಂದ. ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ಪಿನ ವರದಿ. ಎರಡನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಸೀರಂ ಕ್ರಿಯಾಟಿನಿನ್ 1.4, ಪಕ್ಕದಲ್ಲಿ ‘ಹೈ’ ಎಂಬ ಗುರುತು. ಅದರ ಕೆಳಗೆ ಇ-ಜಿಎಫ್‌ಆರ್ 70, ‘ಅಲ್ಪ ಇಳಿಕೆ’. ಬ್ಲಡ್ ಯೂರಿಯಾ 46, ಅದಕ್ಕೂ ‘ಹೈ’. ನನಗೆ ಫೋನ್ ಮಾಡುವ ಮುಂಚೆಯೇ ಅವನು ಮೊಬೈಲಿನಲ್ಲಿ ಹುಡುಕುತ್ತ ಹೋಗಿ ‘ಕಿಡ್ನಿ ಕಾಯಿಲೆ, ಎರಡನೇ ಹಂತ’ ಎಂಬಲ್ಲಿಗೆ ಬಂದು ನಿಂತಿದ್ದ. ದನಿ ನಡುಗುತ್ತಿತ್ತು.

ವಯಸ್ಸು 28, ತೂಕ 84 ಕೆಜಿ. ಮೂರು ವರ್ಷದಿಂದ ತಪ್ಪದೆ ಭಾರ ಎತ್ತುತ್ತಿದ್ದಾನೆ. ದಿನಕ್ಕೆ ಎಂಟು ಮೊಟ್ಟೆಯ ಬಿಳಿಭಾಗ, ಎರಡು ಹೊತ್ತೂ ಚಿಕನ್, ಎರಡು ಸ್ಕೂಪ್ ವೇ ಪ್ರೋಟೀನ್, ಐದು ಗ್ರಾಂ ಕ್ರಿಯಾಟಿನ್ ಪುಡಿ. ಮನೆಯ ಸಾರು-ಅನ್ನದಲ್ಲಿರುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು 180 ಗ್ರಾಂ ಪ್ರೋಟೀನ್. ಅಂದರೆ ದೇಹದ ತೂಕದ ಪ್ರತಿ ಕೆಜಿಗೆ ಎರಡು ಗ್ರಾಂ ದಾಟಿತು.

ಮಾರನೆಯ ದಿನವೇ ಎರಡು ತೀರ್ಪು ಬಂದವು. ಜಿಮ್ಮಿನ ಟ್ರೇನರ್, ‘ವರ್ಕೌಟ್ ಮಾಡೋರಿಗೆಲ್ಲ ಹಂಗೇ ಬರುತ್ತೆ, ತಲೆ ಕೆಡಿಸ್ಕೋಬೇಡ, ದಿನಕ್ಕೆ ಆರು ಲೀಟರ್ ನೀರು ಕುಡಿ’ ಎಂದರಂತೆ. ವಿಷಯ ಹೇಗೋ ಅಕ್ಕನ ಕಿವಿಗೂ ಬಿತ್ತು. ‘ನಾಳೆಯಿಂದ ಆ ಡಬ್ಬ ಈ ಮನೇಲಿ ಇರಕೂಡದು’ ಎಂದು ಅವಳು ಅಡುಗೆಮನೆಯ ಬಾಗಿಲಲ್ಲೇ ಹೇಳಿಬಿಟ್ಟಳು. ಇವೆರಡು ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಒಂದರಲ್ಲಿ ಧೈರ್ಯವಿದೆ, ಇನ್ನೊಂದರಲ್ಲಿ ತಾಯಿಯ ಕಳವಳವಿದೆ. ವರದಿಯನ್ನು ಓದಿ ಆಡಿದ ಮಾತು ಮಾತ್ರ ಎರಡರಲ್ಲೊಂದೂ ಅಲ್ಲ.

ಗೊಂದಲ ಹೆಸರಿನಲ್ಲೇ ಶುರುವಾಗುತ್ತದೆ. ಡಬ್ಬದಲ್ಲಿರುವುದು ಕ್ರಿಯಾಟಿನ್, ವರದಿಯಲ್ಲಿರುವುದು ಕ್ರಿಯಾಟಿನಿನ್. ಕ್ರಿಯಾಟಿನ್ ಎಂಬುದು ಸ್ನಾಯುಗಳು ತುರ್ತಿಗೆಂದು ಕೂಡಿಟ್ಟುಕೊಂಡಿರುವ ದಾಸ್ತಾನು. ಭಾರ ಎತ್ತಿದ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾಗುವ ಶಕ್ತಿ ಅಲ್ಲಿಂದ ಬರುತ್ತದೆ. ನಾವು ವ್ಯಾಯಾಮ ಮಾಡಲಿ, ಮಲಗಿರಲಿ, ಆ ದಾಸ್ತಾನಿನ ಶೇ 1ರಿಂದ 2ರಷ್ಟು ಪ್ರತಿದಿನ ತಾನಾಗಿ ಒಡೆದು ಕ್ರಿಯಾಟಿನಿನ್ ಆಗುತ್ತದೆ. ಇದರಿಂದ ಮೈಗೆ ಉಪಯೋಗವಿಲ್ಲ. ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಹೊರಟುಹೋಗುತ್ತದೆ. 1847ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್, ಬೇಟೆಯಲ್ಲಿ ಓಡಿ ಸತ್ತ ಕಾಡುನರಿಯ ಮಾಂಸದಲ್ಲಿ ಕೂಡಿಹಾಕಿ ಸಾಕಿದ ನರಿಯ ಮಾಂಸಕ್ಕಿಂತ ಹತ್ತು ಪಟ್ಟು ಕ್ರಿಯಾಟಿನ್ ಕಂಡದ್ದಾಗಿ ಬರೆದ. ದುಡಿಯುವ ಸ್ನಾಯುವಿಗೂ ಈ ವಸ್ತುವಿಗೂ ನಂಟಿದೆ ಎಂದು ಗೊತ್ತಾಗಿ 175 ವರ್ಷ ದಾಟಿದೆ.

ನಮ್ಮ ಬಯಲುಸೀಮೆಯ ಕೆರೆ ನೋಡಿದವರಿಗೆ ಮುಂದಿನದು ಸುಲಭ. ಏರಿಯ ಮೇಲೆ ನಿಂತು ನೋಡಿದರೆ ಕಾಣುವುದು ನೀರಿನ ಮಟ್ಟವೊಂದೇ. ಮಟ್ಟ ಏರಿದ್ದರೆ ತೂಬಿನಲ್ಲಿ ಹೂಳು ಕಟ್ಟಿರಬಹುದು, ಇಲ್ಲವೇ ಮೇಲಿನ ಹಳ್ಳದಲ್ಲಿ ಹೆಚ್ಚು ನೀರು ಬಂದಿರಬಹುದು. ಯಾವುದೆಂದು ಮಟ್ಟ ಹೇಳುವುದಿಲ್ಲ, ಇಳಿದು ಹೋಗಿ ತೂಬನ್ನೇ ನೋಡಬೇಕು. ರಕ್ತದ ಕ್ರಿಯಾಟಿನಿನ್ ಅಂಥ ಒಂದು ಮಟ್ಟ. ಹಳ್ಳ ಎಂದರೆ ಸ್ನಾಯು, ತೂಬು ಎಂದರೆ ಕಿಡ್ನಿ. ನನ್ನ ಸೋದರಳಿಯನ ಕೆರೆಗೆ ಮೂರು ಹಳ್ಳಗಳಿಂದ ನೀರು ಬರುತ್ತಿತ್ತು. ಒಂದು, ಮೂರು ವರ್ಷ ಬೆಳೆಸಿದ ಸ್ನಾಯು. ಎರಡು, ಪುಡಿಯಾಗಿ ನುಂಗುವ ಕ್ರಿಯಾಟಿನ್. ಮೂರನೆಯದು ಹೆಚ್ಚು ಜನರಿಗೆ ತಿಳಿಯದ್ದು: ಮಾಂಸವನ್ನು ಬೇಯಿಸುವಾಗ ಅದರಲ್ಲಿರುವ ಕ್ರಿಯಾಟಿನ್‌ನ ಒಂದು ಪಾಲು ಪಾತ್ರೆಯಲ್ಲೇ ಕ್ರಿಯಾಟಿನಿನ್ ಆಗಿಬಿಡುತ್ತದೆ. ರಾತ್ರಿ ಚಿಕನ್ ಉಂಡು ಬೆಳಿಗ್ಗೆ ರಕ್ತ ಕೊಟ್ಟವನ ವರದಿಯಲ್ಲಿ ಕೋಳಿಯ ಸ್ನಾಯುವಿನದೂ ಸ್ವಲ್ಪ ಸೇರಿರಬಹುದು. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಈ ಪರೀಕ್ಷೆಗೆ ಮುಂಚೆ 12 ಗಂಟೆ ಮಾಂಸ ತಿನ್ನಬೇಡಿ ಎನ್ನುವುದು ಇದೇ ಕಾರಣಕ್ಕೆ. ನಮ್ಮಲ್ಲಿ ‘ಖಾಲಿ ಹೊಟ್ಟೇಲಿ ಬನ್ನಿ’ ಎನ್ನುತ್ತಾರೆ. ಹಿಂದಿನ ರಾತ್ರಿ ಏನು ಉಂಡಿರಿ ಎಂದು ಕೇಳುವವರು ಅಪರೂಪ.

ಇನ್ನು ಆ ‘ಹೈ’ ಎಂಬ ಗುರುತಿನ ವಿಷಯ. ಗಂಡಸರಿಗೆ ಸಾಮಾನ್ಯವಾಗಿ 0.7ರಿಂದ 1.3, ಹೆಂಗಸರಿಗೆ 0.6ರಿಂದ 1.1 ಎಂದು ಮುದ್ರಿಸಿರುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ತುಸು ಹೆಚ್ಚುಕಡಿಮೆ. ಇಂಥ ಮಿತಿಗಳನ್ನು ಗೊತ್ತುಮಾಡುವುದು ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ನಡುವಿನ ಶೇ 95 ಮಂದಿ ಬೀಳುವ ಹರವನ್ನು ತೆಗೆದುಕೊಂಡು. ಹಾಗಾಗಿ ಯಾವ ತೊಂದರೆಯೂ ಇಲ್ಲದ ನೂರು ಜನರಲ್ಲಿ ಐವರು ಹೇಗೂ ಹೊರಗುಳಿಯುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ, ಪೂರ್ತಿ ಆರೋಗ್ಯವಂತನ ವರದಿಯಲ್ಲೂ ಒಂದಾದರೂ ದಪ್ಪಕ್ಷರ ಬರುವ ಸಂಭವ ಶೇ 64. ಆ ಗುಂಪಿನಲ್ಲಿ ದಿನಾ 120 ಕೆಜಿ ಎತ್ತುವವರು ಎಷ್ಟು ಜನ ಇದ್ದಾರು?

ಇ-ಜಿಎಫ್‌ಆರ್ ಎಂಬುದು ಇನ್ನೂ ಗಂಭೀರವಾಗಿ ಕೇಳಿಸುತ್ತದೆ. ಎರಡೂ ಕಿಡ್ನಿಗಳಲ್ಲಿ ತಲಾ ಸುಮಾರು ಹತ್ತು ಲಕ್ಷ ಸೋಸುಕಗಳಿವೆ. ಅವೆಲ್ಲ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬುದು ಜಿಎಫ್‌ಆರ್. ಆರೋಗ್ಯವಂತ ಯುವಕನಲ್ಲಿ ಅದು ನೂರರ ಮೇಲೆ, ದಿನಕ್ಕೆ ಹೆಚ್ಚುಕಡಿಮೆ 180 ಲೀಟರ್. ಅದರಲ್ಲಿ ಒಂದೂವರೆ-ಎರಡು ಲೀಟರ್ ಮಾತ್ರ ಮೂತ್ರವಾಗಿ ಹೋಗಿ ಉಳಿದದ್ದೆಲ್ಲ ರಕ್ತಕ್ಕೇ ಮರಳುತ್ತದೆ. ಮುಂದಿರುವ ‘ಇ’ ಎಂದರೆ ಅಂದಾಜು. ಲ್ಯಾಬಿನಲ್ಲಿ ಯಾರೂ ಸೋಸುವಿಕೆಯನ್ನು ಅಳೆದಿರುವುದಿಲ್ಲ. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬ ಮೂರೇ ಸಂಗತಿಯನ್ನು ಒಂದು ಸೂತ್ರಕ್ಕೆ ಹಾಕುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಸಿಕೆಡಿ-ಎಪಿ ಸೂತ್ರದ ಹೊಸ ರೂಪ 2021ರದು. ಆ ಸೂತ್ರಕ್ಕೆ ಎದುರಿಗಿರುವವನ ತೋಳಿನ ಗಾತ್ರ ಗೊತ್ತಿಲ್ಲ. 28ರ ಗಂಡಸಿನ ಕ್ರಿಯಾಟಿನಿನ್ 1.1 ಇದ್ದರೆ ಸೂತ್ರ 94 ಎನ್ನುತ್ತದೆ, 1.4 ಇದ್ದರೆ 70. ಪಾಯಿಂಟ್ ಮೂರರ ವ್ಯತ್ಯಾಸಕ್ಕೆ 24 ಅಂಕ ಬಿದ್ದುಹೋಗುತ್ತದೆ. ಹಳ್ಳದ ನೀರನ್ನು ಪೂರಾ ತೂಬಿನ ಲೆಕ್ಕಕ್ಕೆ ಬರೆದರೆ ಹೀಗೇ ಆಗುತ್ತದೆ.

‘ಎರಡನೇ ಹಂತ’ದ ಹೆದರಿಕೆಯೂ ಅರ್ಧ ಓದಿನಿಂದ ಬಂದದ್ದು. ಜಗತ್ತಿನ ಕಿಡ್ನಿ ತಜ್ಞರು ಅನುಸರಿಸುವ ಕೆಡಿಗೋ ಮಾರ್ಗಸೂಚಿಯ ಪ್ರಕಾರ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಲು ದೋಷ ಮೂರು ತಿಂಗಳು ಮೀರಿ ಇರಬೇಕು. ಇ-ಜಿಎಫ್‌ಆರ್ 60ರ ಕೆಳಗಿರಬೇಕು, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಸೋರುವಂಥ ಹಾನಿಯ ಗುರುತು ಸಿಗಬೇಕು. 60ರಿಂದ 89ರ ನಡುವಿನ ಅಂಕಿ ಒಂಟಿಯಾಗಿ ನಿಂತರೆ ಅದಕ್ಕೆ ಕಾಯಿಲೆ ಎಂಬ ಹೆಸರಿಲ್ಲ.

ಯೂರಿಯಾ ವಿಷಯದಲ್ಲಿ ಅವನು ಇನ್ನೊಂದು ಗುಂಡಿಗೆ ಬಿದ್ದಿದ್ದ. ಅಮೆರಿಕದ ಪುಟವೊಂದರಲ್ಲಿ ‘20ರ ಒಳಗಿರಬೇಕು’ ಎಂದಿದ್ದನ್ನು ನೋಡಿ ತನ್ನ 46ಕ್ಕೆ ಬೆವರಿದ್ದ. ಅಲ್ಲಿಯವರು ಅಳೆಯುವುದು ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ, ಅದನ್ನು ಬಿಯುಎನ್ ಎನ್ನುತ್ತಾರೆ. ನಮ್ಮ ಲ್ಯಾಬುಗಳು ಹೆಚ್ಚಾಗಿ ಇಡೀ ಯೂರಿಯಾವನ್ನೇ ಮುದ್ರಿಸುತ್ತವೆ. 2.14ರಿಂದ ಭಾಗಿಸಿದರೆ ಇವನ 46 ಅಲ್ಲಿಯ 21.5 ಆಗುತ್ತದೆ, ಗೆರೆಯಿಂದ ಕೂದಲಷ್ಟೇ ಆಚೆ. ಅದೂ ಅಚ್ಚರಿಯ ಸಂಗತಿಯಲ್ಲ. ಪ್ರೋಟೀನ್‌ನ ಶೇ 16 ನೈಟ್ರೋಜನ್. ಮೈ ಕಟ್ಟಲು ಬಳಕೆಯಾಗದೆ ಉಳಿದ ನೈಟ್ರೋಜನ್ ಯೂರಿಯಾ ಆಗಿಯೇ ಹೊರಹೋಗಬೇಕು. ದಿನಕ್ಕೆ 180 ಗ್ರಾಂ ತಿನ್ನುವವನ ಯಕೃತ್ತು 60 ಗ್ರಾಂ ತಿನ್ನುವವನದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ಯೂರಿಯಾ ತಯಾರಿಸುತ್ತದೆ. ಬೆವರಿಳಿಸಿ ನೀರು ಕುಡಿಯದೆ ಲ್ಯಾಬಿಗೆ ಹೋದರೆ ಇನ್ನಷ್ಟು ಏರುತ್ತದೆ.

ಪರೀಕ್ಷೆಯ ವಿಧಾನದ ಬಗ್ಗೆಯೂ ಒಂದು ಮಾತು. ಕ್ರಿಯಾಟಿನಿನ್ ಅನ್ನು ಪಿಕ್ರಿಕ್ ಆಮ್ಲದ ಜೊತೆ ಸೇರಿಸಿದರೆ ಕೇಸರಿ-ಕೆಂಪು ಬಣ್ಣ ಬರುತ್ತದೆಂದು ಮ್ಯಾಕ್ಸ್ ಯಾಫೆ ತೋರಿಸಿದ್ದು 1886ರಲ್ಲಿ. ಅಗ್ಗವಾದ್ದರಿಂದ ಆ ವಿಧಾನ ಈಗಲೂ ಬಳಕೆಯಲ್ಲಿದೆ. ತೊಂದರೆಯೆಂದರೆ ಕೀಟೋನ್, ಗ್ಲೂಕೋಸ್‌ನಂಥ ಬೇರೆ ವಸ್ತುಗಳೂ ಆ ಬಣ್ಣಕ್ಕೆ ಕೈಗೂಡಿಸಬಲ್ಲವು. ಅನ್ನ-ಮುದ್ದೆ ಎರಡನ್ನೂ ಬಿಟ್ಟು ಕೀಟೋ ಊಟದಲ್ಲಿರುವವರಿಗೆ ಇದು ತಿಳಿದಿರಬೇಕು. ಕಿಣ್ವ ಬಳಸುವ ವಿಧಾನ ಇದಕ್ಕಿಂತ ನಿಖರ. ಯಾವ ವಿಧಾನವೆಂದು ವರದಿಯಲ್ಲಿ ಸಾಮಾನ್ಯವಾಗಿ ಚಿಕ್ಕಕ್ಷರದಲ್ಲಿ ಬರೆದಿರುತ್ತಾರೆ.

ಇಷ್ಟು ಓದಿದವರು ಟ್ರೇನರ್ ಹೇಳಿದ್ದೇ ಸರಿ ಅಂದುಕೊಂಡಾರು. ನನ್ನ ತಕರಾರು ಇಲ್ಲೇ ಇರುವುದು. ಸ್ನಾಯುವಿನಿಂದ ಹೀಗೆ ಬರಬಹುದು ಎಂಬುದು ನಿಜ. ಸ್ನಾಯುವಿನಿಂದಲೇ ಬಂದಿದೆ ಎನ್ನಲು ತೂಬನ್ನು ನೋಡಿರಬೇಕು. ಕಿಡ್ನಿ ನೋಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡರೂ ಸುಮ್ಮನೆ ದುಡಿಯುತ್ತಿರುತ್ತದೆ. ದಪ್ಪ ತೋಳಿನವನಿಗೂ ಕಿಡ್ನಿಯ ಉರಿಯೂತ ಬರಬಹುದು, ಹುಟ್ಟಿನಿಂದಲೇ ಒಂದು ಕಿಡ್ನಿ ಚಿಕ್ಕದಿರಬಹುದು, ಯಾರೂ ಅಳೆದು ನೋಡದ ಬಿಪಿ ಇರಬಹುದು. ‘ಜಿಮ್ ಅಲ್ವಾ’ ಎಂದು ವರ್ಷಗಟ್ಟಲೆ ತಳ್ಳಿಹಾಕಿದ ಅಂಕಿಯ ಹಿಂದೆ ಇಂಥದ್ದೊಂದು ಕೂತಿದ್ದರೆ ಕಳೆದ ಕಾಲ ಮರಳಿ ಬರುವುದಿಲ್ಲ.

ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೂ ಇದೇ ಷರತ್ತು ಅಂಟಿಕೊಂಡಿದೆ. ಪ್ರೋಟೀನ್ ಹೆಚ್ಚು ತಿಂದಾಗ ಕಿಡ್ನಿ ಹೆಚ್ಚು ಸೋಸುತ್ತದೆ. ಈ ಹೆಚ್ಚುವರಿ ಒತ್ತಡ ಕಾಲಕ್ರಮೇಣ ಸೋಸುಕಗಳನ್ನು ಸವೆಸುತ್ತದೆ ಎಂದು ಅಮೆರಿಕದ ಬ್ಯಾರಿ ಬ್ರೆನರ್ ಮತ್ತು ಸಂಗಡಿಗರು 1982ರಲ್ಲಿ ವಾದಿಸಿದರು. ಅಕ್ಕನ ಹೆದರಿಕೆಯ ಬೇರು ಹುಡುಕುತ್ತ ಹೋದರೆ ಅಲ್ಲಿಗೆ ಮುಟ್ಟುತ್ತದೆ. 2003ರಲ್ಲಿ ಅಮೆರಿಕದ ನರ್ಸ್‌ಗಳ ಆರೋಗ್ಯ ಅಧ್ಯಯನದಿಂದ 1,624 ಮಹಿಳೆಯರ 11 ವರ್ಷದ ಲೆಕ್ಕ ಹೊರಬಂತು. ಕಿಡ್ನಿ ಚೆನ್ನಾಗಿದ್ದವರಲ್ಲಿ ಹೆಚ್ಚು ಪ್ರೋಟೀನ್‌ಗೂ ಶಕ್ತಿ ಕುಂದುವುದಕ್ಕೂ ನಂಟು ಕಾಣಲಿಲ್ಲ. ಮೊದಲೇ ಅಲ್ಪ ದೋಷ ಇದ್ದವರಲ್ಲಿ ಕಂಡಿತು, ಅದರಲ್ಲೂ ಹಾಲಿನದಲ್ಲದ ಪ್ರಾಣಿಮೂಲದ ಪ್ರೋಟೀನ್‌ನೊಂದಿಗೆ. 2018ರಲ್ಲಿ 28 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಆರೋಗ್ಯವಂತ ಕಿಡ್ನಿಗೆ ಹಾನಿಯ ಸುಳಿವು ಸಿಗಲಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಕೆಲವೇ ತಿಂಗಳು ನಡೆದವು, ಇಪ್ಪತ್ತು ವರ್ಷದ ಊಟಕ್ಕೆ ಅವನ್ನು ಖಾತರಿಪತ್ರದಂತೆ ಹಿಡಿಯಲಾಗದು. ಕಿಡ್ನಿ ಚೆನ್ನಾಗಿರುವವನಿಗೆ ತೊಂದರೆ ಕಂಡಿಲ್ಲ ಎನ್ನುವ ಮಾತಿನಲ್ಲಿ ತೂಕವಿರುವುದು ಮೊದಲ ಎರಡು ಪದಗಳಿಗೆ. ಅದನ್ನು ಪರೀಕ್ಷಿಸಿಕೊಂಡು ಶುರುಮಾಡಿದವರು ಜಿಮ್ಮಿನಲ್ಲಿ ಎಷ್ಟು ಮಂದಿ?

ಅವನಿಗೆ 180 ಗ್ರಾಂ ಬೇಕೇ ಎಂಬುದು ಬೇರೆ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸಾಮಾನ್ಯರಿಗೆ ಹೇಳಿದ್ದು ಕೆಜಿಗೆ 0.83 ಗ್ರಾಂ. ಭಾರ ಎತ್ತುವವರಿಗೆ ಅದಕ್ಕಿಂತ ಹೆಚ್ಚು ಬೇಕು, ಒಪ್ಪೋಣ. ಆದರೆ 2018ರಲ್ಲಿ 49 ಅಧ್ಯಯನಗಳನ್ನು ಸೇರಿಸಿದ ವಿಶ್ಲೇಷಣೆಯಲ್ಲಿ, ಸರಾಸರಿ 1.6 ಗ್ರಾಂ ದಾಟಿದ ಮೇಲೆ ಸ್ನಾಯು ಹೆಚ್ಚು ಬೆಳೆದದ್ದು ಕಾಣಲಿಲ್ಲ. 84 ಕೆಜಿಗೆ ಅದು 134 ಗ್ರಾಂ. ಮಿಕ್ಕ 46 ಗ್ರಾಂ ಬಹುಪಾಲು ಯೂರಿಯಾ ಆಗಿ ಹರಿದುಹೋಗುತ್ತಿತ್ತು, ಡಬ್ಬದ ದುಡ್ಡೂ ಜೊತೆಗೆ. ಅದೇ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಬರೆದಿದೆ. ಅದೇ ವರ್ಷ ಕೇರಳದ ವೈದ್ಯರು ಮುಂದಾಗಿ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ, ಹತ್ತಿರಹತ್ತಿರ ಶೇ 70ರಷ್ಟು ಡಬ್ಬಗಳಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು. ಮೊಟ್ಟೆ, ಮೊಸರು, ಹುರುಳಿಕಾಳಿನ ಮೇಲೆ ಲೇಬಲ್ ಇಲ್ಲದಿದ್ದರೂ ಅವು ಮೋಸ ಮಾಡುವುದಿಲ್ಲ.

ನನ್ನನ್ನು ಕೇಳಿದರೆ ಜಿಮ್ಮಿನಲ್ಲಿ ಕಿಡ್ನಿಗೆ ನಿಜವಾದ ಅಪಾಯ ಬರುವುದು ಬೇರೆ ದಾರಿಗಳಿಂದ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳನ್ನು ಬೆವರಿ ಒಣಗಿದ ಮೈಯಲ್ಲಿ ದಿನವೂ ನುಂಗುವುದು. ಮೈ ಕಟ್ಟುಮಸ್ತಾಗಿ ಕಾಣಲೆಂದು ಸ್ಪರ್ಧೆಗೆ ಮುಂಚೆ ನೀರು ಬಿಡುವುದು. ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್: ವರ್ಷಗಟ್ಟಲೆ ಅದನ್ನು ಬಳಸಿ ಸೋಸುಕಗಳು ಗಾಯಗೊಂಡು ಗಟ್ಟಿಯಾದ ಹತ್ತು ಬಾಡಿಬಿಲ್ಡರ್‌ಗಳ ಬಗ್ಗೆ 2010ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ಬರೆದರು. ಅವರ ಮೂತ್ರದಲ್ಲಿ ದಿನಕ್ಕೆ ಸರಾಸರಿ ಹತ್ತು ಗ್ರಾಂ ಪ್ರೋಟೀನ್ ಸೋರುತ್ತಿತ್ತು. ಇನ್ನೊಂದು, ರೂಢಿಯಿಲ್ಲದ ಮೈಗೆ ಒಂದೇ ದಿನ ಅತಿಯಾಗಿ ಕಸರತ್ತು ಮಾಡಿ ಮೂತ್ರ ಕಡು ಕಾಫಿಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು. ಸ್ನಾಯು ಒಡೆದು ಅದರ ಬಣ್ಣದ ಪ್ರೋಟೀನ್ ಕಿಡ್ನಿಯಲ್ಲಿ ಕಟ್ಟಿಕೊಂಡ ಲಕ್ಷಣ ಅದು. ಆಗ ಲ್ಯಾಬಿಗಲ್ಲ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಹುಡುಗನನ್ನು ಪರಿಚಯದ ಕಿಡ್ನಿ ತಜ್ಞರ ಬಳಿ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು, ‘ಏನೇನು ತಗೋತೀಯಪ್ಪ? ಎಲ್ಲಾನೂ ಹೇಳು, ನಿಮ್ಮ ಮಾಮನನ್ನ ಬೇಕಾದ್ರೆ ಆಚೆ ಕೂರಿಸ್ತೀನಿ.’ ನಾನೇ ಎದ್ದು ಹೊರಗೆ ಕೂತೆ. ಎಷ್ಟು ಹುಡುಗರು ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಬರುತ್ತಾರೋ ಎಂದು ಆ ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದೆ. ಆಮೇಲೆ ಬಿಪಿ ನೋಡಿದರು, 122/78. ಕ್ರಿಯಾಟಿನ್ ಪುಡಿಯನ್ನು ಐದು ವಾರ ನಿಲ್ಲಿಸಲು ಹೇಳಿದರು, ಸ್ನಾಯುವಿನ ದಾಸ್ತಾನು ಮೊದಲಿನಂತಾಗಲು ಅಷ್ಟು ಹೊತ್ತು ಬೇಕಂತೆ. ಪರೀಕ್ಷೆಗೆ ಎರಡು ದಿನ ಮುಂಚೆಯಿಂದ ಜಿಮ್ ಬೇಡ, ಯಾಕೆಂದರೆ ಕಠಿಣ ವ್ಯಾಯಾಮದ ನಂತರ ಆರೋಗ್ಯವಂತನ ಮೂತ್ರದಲ್ಲೂ ಒಂದೆರಡು ದಿನ ಪ್ರೋಟೀನ್ ಕಾಣಿಸಿಕೊಳ್ಳಬಹುದು. ಹಿಂದಿನ ರಾತ್ರಿ ಸೊಪ್ಪಿನ ಸಾರು-ಅನ್ನ ಸಾಕು. ನೀರು ಬಾಯಾರಿದಷ್ಟು, ಆರು ಲೀಟರಿನ ಹಟ ಬೇಡ. ಅದೇ ಲ್ಯಾಬು, ಅದೇ ಹೊತ್ತು.

ಬರೆದುಕೊಟ್ಟ ಪರೀಕ್ಷೆಗಳಲ್ಲಿ ಎರಡು ಹೊಸವು. ಒಂದು ಸಿಸ್ಟಾಟಿನ್ ಸಿ. ಇದು ಸ್ನಾಯುವಿನಲ್ಲಿ ಮಾತ್ರವಲ್ಲದೆ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಒಂದೇ ಸಮನೆ ತಯಾರಾಗುವ ಪುಟ್ಟ ಪ್ರೋಟೀನ್. ಹಾಗಾಗಿ ತೋಳು ದಪ್ಪವಾದರೆ ಇದು ಅಷ್ಟಾಗಿ ಏರುವುದಿಲ್ಲ, ಚಿಕನ್ ತಿಂದರೂ ಅಷ್ಟೇ. ಥೈರಾಯ್ಡ್ ದೋಷ, ಬೊಜ್ಜು, ಧೂಮಪಾನ, ಸ್ಟೆರಾಯ್ಡ್ ಔಷಧಗಳಿಂದ ಏರುಪೇರಾಗಬಹುದು, ಅದನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡನೆಯದು ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸೋಸುಕದ ಜರಡಿ ಹರಿದಿಲ್ಲ ಎಂದು ತಿಳಿಯಬಹುದು. ತೂಬಿನ ಬಳಿಗೆ ಇಳಿದು ನೋಡುವುದು ಎಂದೆನಲ್ಲ, ಅದು ಈ ಎರಡು ಪರೀಕ್ಷೆ. ವಾರ್ಷಿಕ ಚೆಕಪ್ಪಿನ ಪ್ಯಾಕೇಜುಗಳಲ್ಲಿ ಎಷ್ಟೋ ಬಾರಿ ಇವೆರಡೂ ಇರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಐದು ವಾರದ ನಂತರದ ವರದಿ: ಕ್ರಿಯಾಟಿನಿನ್ 1.2. ಸಿಸ್ಟಾಟಿನ್ ಲೆಕ್ಕದ ಇ-ಜಿಎಫ್‌ಆರ್ 115. ಮೂತ್ರದ ಅನುಪಾತ 7. ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅವನು ಪ್ರೋಟೀನನ್ನು 130 ಗ್ರಾಂಗೆ ಇಳಿಸಿಕೊಂಡ, ಜಿಮ್ ಬಿಡಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ವರದಿ ಮಡಚಿ ಕೊಡುತ್ತ ವೈದ್ಯರು, ‘ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದರೆ, ಶುಗರ್?’ ಎಂದು ಕೇಳಿದ್ದರು. ಭಾವನಿಗೆ 58 ವರ್ಷ, 11 ವರ್ಷದಿಂದ ಶುಗರ್. ‘ಅವರ ಮೂತ್ರದ ಆಲ್ಬುಮಿನ್ ಯಾವಾಗ ನೋಡ್ಸಿದ್ದು?’ ಒಮ್ಮೆಯೂ ನೋಡಿಸಿರಲಿಲ್ಲ. ಎರಡನೇ ಬಗೆಯ ಶುಗರ್ ಇದ್ದವರು ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆ ಅದು. ಭಾವ ಪ್ರತಿ ವರ್ಷವೂ ಕ್ರಿಯಾಟಿನಿನ್ ಮಾತ್ರ ಮಾಡಿಸಿ, 1.1 ಎಂದು ನೋಡಿ, ದಪ್ಪಕ್ಷರ ಇಲ್ಲವೆಂದು ನಿಶ್ಚಿಂತರಾಗಿದ್ದರು. ಸಣಕಲು ಮೈ, ತೊಡೆಯಲ್ಲಿ ಮಾಂಸವಿಲ್ಲ. ಹಳ್ಳವೇ ಬತ್ತಿದ ಕೆರೆಯಲ್ಲಿ ತೂಬು ಕಟ್ಟಿಕೊಂಡರೂ ಮಟ್ಟ ಏರುವುದಿಲ್ಲ.

ಅವರ ಮೂತ್ರದ ಅನುಪಾತ 140 ಬಂತು. ತಿಂಗಳುಗಳ ಅಂತರದಲ್ಲಿ ಮತ್ತೆ ಮಾಡಿಸಿದಾಗ 126. ಕ್ರಿಯಾಟಿನಿನ್ ಲೆಕ್ಕದಲ್ಲಿ 78 ಇದ್ದ ಇ-ಜಿಎಫ್‌ಆರ್ ಸಿಸ್ಟಾಟಿನ್ ಲೆಕ್ಕದಲ್ಲಿ 62. ಮಂಡಿನೋವಿಗೆ ಎರಡು ವರ್ಷದಿಂದ ವಾರಕ್ಕೆ ನಾಲ್ಕೈದು ಗುಳಿಗೆ ನುಂಗುತ್ತಿದ್ದರು. ಮೇಲೆ, ‘ಸುಸ್ತು ಕಡಿಮೆಯಾಗತ್ತೆ’ ಎಂದು ಮಗನ ಪ್ರೋಟೀನ್ ಡಬ್ಬದಿಂದ ದಿನಾ ಬೆಳಿಗ್ಗೆ ಒಂದು ಸ್ಕೂಪ್ ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಆಗಲೇ. ವೈದ್ಯರು ಗುಳಿಗೆ ನಿಲ್ಲಿಸಿದರು, ಪ್ರೋಟೀನನ್ನು ಕೆಜಿಗೆ 0.8 ಗ್ರಾಂನ ಆಸುಪಾಸಿಗೆ ತಂದರು, ಕಿಡ್ನಿಯನ್ನು ಕಾಯುವ ಎರಡು ಮಾತ್ರೆ ಬರೆದರು. ಸಿಕ್ಕಿದ್ದು ಬೇಗ, ಇನ್ನೂ ತುಂಬ ಮಾಡಬಹುದು ಎಂದರು.

ಡಬ್ಬ ಅಕ್ಕನ ಅಡುಗೆಮನೆಯ ಶೆಲ್ಫಿನಲ್ಲಿ ಈಗಲೂ ಇದೆ. ಬೆಳಿಗ್ಗೆ ಅದರಿಂದ ಒಂದೇ ಲೋಟ ತಯಾರಾಗುತ್ತದೆ. ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ಭಾವನ ಮುಂದಿನ ಮೂತ್ರಪರೀಕ್ಷೆಯ ತಾರೀಖಿಗೆ ಮಗ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾನೆ.